ತಟ್ಟೆ, ಬಾಟಲಿ, ಬಲ್ಬು: ಮನೆ ಕೋಳಿ ಬಗ್ಗೆ ಕೆಲವು ಮಾತು

(ರಜೆಗೆ ಊರಿಗೆ ಹೊರಟಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)



ಇವತ್ತಿನ ಮಾತು ಕೋಳಿಗೂಡಿನ ಬಗ್ಗೆ. ಪದ್ಯ ಓದ್ತಾರೆ ಅಂತ ಬಂದವರು ಹಿಂದಿನ ಸಾಲಲ್ಲಿ ನಗುತ್ತಿರುವುದು ಕಾಣ್ತಾ ಇದೆ. ನಗಿ, ತೊಂದರೆ ಇಲ್ಲ. ಬಿ.ಎ. ಮಾಡಿ ಪದ್ಯ ಬರೆದುಕೊಂಡು ತಿರುಗುವ ನಮ್ಮಂಥವರಿಗೆ ಕೋಳಿ ಉಸಾಬರಿ ಯಾಕೆ ಅಂತ ನೀವು ಕೇಳುವುದೂ ಸರಿಯೇ. ಆದರೆ ಒಂದು ಲೆಕ್ಕ ಹಾಕಿ ನೋಡಿ. ಇಲ್ಲಿ ಕೂತಿರುವ ನಮ್ಮಲ್ಲಿ ಎಷ್ಟು ಜನರ ಪರೀಕ್ಷೆ ಫೀಸು ಕೋಳಿ ಮಾರಿ ಬಂದದ್ದು? ಎಷ್ಟು ಜನರ ಟ್ರಂಕು, ಚಪ್ಪಲಿ, ಊರಿಂದ ಇಲ್ಲಿಗೆ ಬಂದ ಬಸ್ ಚಾರ್ಜು? ಕೈ ಎತ್ತಿ ಅಂದರೆ ಅರ್ಧ ಸಭೆಯೇ ಕೈ ಎತ್ತೀತು.

ನಮ್ಮ ಕೇರಿಗಳಲ್ಲಿ ಎಷ್ಟೋ ಮನೆಗೆ ಭೂಮಿ ಇಲ್ಲ. ಹಸು ಕಟ್ಟಬೇಕಾದರೆ ಮೇವು ಬೇಕು. ಮೇವಿಗೆ ಹೊಲದ ಬದು ಬೇಕು. ಆ ಬದು ಇನ್ನೊಬ್ಬರದು. ಕೋಳಿಗೆ ಅದು ಬೇಡ. ಗೋಡೆ ಪಕ್ಕ ಮೂರು ಮೊಳ ಜಾಗ, ಒಂದು ಮಂಕರಿ, ಅದರ ಮೇಲೆ ಹೇರೋಕೆ ಒಂದು ಕಲ್ಲು ಇದ್ದರೆ ಸಾಕು. ಆದ್ದರಿಂದಲೇ ಕೋಳಿ ನಮ್ಮ ಅವ್ವಂದಿರ ಆಸ್ತಿಯಾಯಿತು. ಕೂಲಿ ದುಡ್ಡು ಅಪ್ಪನ ಕೈಗೆ ಹೋದರೂ ಕೋಳಿ ದುಡ್ಡು ಸೆರಗಿನ ಗಂಟಲ್ಲಿ ಉಳಿಯಿತು. ದೇವನೂರ ಮಹಾದೇವ ಅವರ 'ಒಡಲಾಳ' ಓದಿದವರಿಗೆ ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಪಡುವ ಪಾಡು ಗೊತ್ತು. ಪೇಟೆಯ ಓದುಗರಿಗೆ ಅದು ಕತೆ. ನಮಗೆ ಅದು ಮನೆಯ ಜಮಾ ಖರ್ಚು.

ಇಂಥ ಆಸ್ತಿ ನಮ್ಮ ಕಣ್ಣೆದುರೇ ಕರಗುತ್ತಿದೆ. ಹೇಂಟೆ ಹನ್ನೆರಡು ಮರಿ ಇಳಿಸಿದರೆ, ಆರು ಉಳಿದರೆ ಪುಣ್ಯ ಅಂತಾರೆ. ಒಂದನ್ನು ಹದ್ದು ಒಯ್ತು, ಒಂದನ್ನು ಮುಂಗುಸಿ ಹಿಡೀತು, ಅದು ಕಣ್ಣಿಗೆ ಕಾಣುವ ಲೆಕ್ಕ. ಮಿಕ್ಕವು? 'ಸೀತ ಆಯ್ತು, ಸತ್ತೋಯ್ತು', 'ಯಾರದೋ ಕಣ್ಣು ಬಿತ್ತು', 'ನಮ್ಮ ಹಣೇಲಿ ಇಷ್ಟೇ ಬರೆದಿತ್ತು'. ಹಣೆಬರಹ ಅನ್ನುವ ಮಾತನ್ನು ಬೇರೆಲ್ಲ ಕಡೆ ಪ್ರಶ್ನೆ ಮಾಡಲು ಕಲಿತ ನಾವು ಕೋಳಿಗೂಡಿನಲ್ಲಿ ಮಾತ್ರ ಒಪ್ಪಿಕೊಂಡು ಸುಮ್ಮನಿದ್ದೇವೆ. ಕೂತು ನೋಡಿದರೆ ಆ ಸಾವುಗಳಲ್ಲಿ ಒಂದು ದೊಡ್ಡ ಪಾಲು ಮೂರು ವಸ್ತುಗಳ ಹತ್ತಿರ ಬಂದು ನಿಲ್ಲುತ್ತದೆ. ನೀರಿಟ್ಟ ಪಾತ್ರೆ, ತೀನಿ ಇಟ್ಟ ತಟ್ಟೆ, ಮರಿಗೆ ಕೊಟ್ಟ ಕಾವು. ಈ ಮೂರನ್ನೂ ಬಿಸಾಕಿದ ಸಾಮಾನಿನಲ್ಲೇ ಮಾಡಿಕೊಳ್ಳಬಹುದು. ಇವತ್ತು ಹೇಳುವುದು ಅದನ್ನೇ.

ಮೊದಲು ನೀರು.

ಕೋಳಿ ತಾನು ತಿನ್ನುವ ತೂಕದ ಹೆಚ್ಚು ಕಡಿಮೆ ಎರಡರಷ್ಟು ನೀರು ಕುಡಿಯುತ್ತದೆ. ಬಿಸಿಲುಗಾಲದಲ್ಲಿ ಇನ್ನೂ ಜಾಸ್ತಿ. ಕೋಳಿ ಬೆವರುವ ಪ್ರಾಣಿ ಅಲ್ಲ. ಬಾಯಿ ತೆರೆದು ತೇಕಿ ತೇಕಿ ಮೈ ತಂಪು ಮಾಡಿಕೊಳ್ಳುತ್ತದೆ, ಆ ತೇಕಿನಲ್ಲಿ ಮೈಯ ನೀರು ಆವಿಯಾಗಿ ಹೋಗುತ್ತದೆ. ಸಿಪ್ಪೆ ತೆಗೆದ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಇದೆ. ನೀರಿಲ್ಲದ ಹೇಂಟೆ ಮೊಟ್ಟೆಯನ್ನು ಎಲ್ಲಿಂದ ತರಬೇಕು?

ನಾವು ನೀರು ಇಡುವುದು ಹೇಗೆ? ಒಡೆದ ಮಡಕೆಯ ಚಿಪ್ಪಲ್ಲೋ ಹಳೇ ಬೋಸಿಯಲ್ಲೋ ಅಂಗಳದಲ್ಲಿ ಇಡ್ತೀವಿ. ಹುಂಜ ಅದರೊಳಗೆ ಕಾಲಿಡುತ್ತದೆ. ಮಣ್ಣು ಕೆದರಿ ತುಂಬುತ್ತದೆ. ಹಿಕ್ಕೆ ಬೀಳುತ್ತದೆ. ನಾಯಿ ಬಂದು ನೆಕ್ಕುತ್ತದೆ. ಹತ್ತು ಗಂಟೆಗೆ ಬೋಸಿ ಮಗುಚಿಕೊಂಡು ಒಣಗಿರುತ್ತದೆ, ಅವ್ವ ಕೂಲಿಯಿಂದ ಬರುವುದು ಸಂಜೆ ಆರಕ್ಕೆ. ಹುಟ್ಟಿದ ವಾರದ ಮರಿಗಳಂತೂ ಎರಡಂಗುಲ ನೀರಲ್ಲೇ ಬಿದ್ದು ನೆಂದು, ಚಳಿ ಹಿಡಿದು ಸಾಯುತ್ತವೆ. ಹಿಕ್ಕೆ ಬಿದ್ದ ನೀರಿಂದ ರಕ್ತಭೇದಿ ಹರಡುತ್ತದೆ. ಆ ರೋಗದ ಬೀಜ ಹಿಕ್ಕೆಯಲ್ಲಿ ಬಂದ ಕೂಡಲೇ ಕೆಲಸ ಮಾಡುವುದಿಲ್ಲ. ತೇವ, ಬೆಚ್ಚಗಿನ ಜಾಗ ಸಿಕ್ಕರೆ ಒಂದೆರಡು ದಿನದಲ್ಲಿ ಹದವಾಗುತ್ತದೆ. ಅಂದರೆ ದಿನಾ ನೀರು ಚೆಲ್ಲಿ ಪಾತ್ರೆ ತಿಕ್ಕಿ, ನೀರಿನ ಸುತ್ತ ನೆಲ ಒಣಗಿಸಿಟ್ಟರೆ ನಾವು ಆ ರೋಗಕ್ಕಿಂತ ಒಂದು ಹೆಜ್ಜೆ ಮುಂದಿರುತ್ತೇವೆ.

ಈಗ ಬಾಟಲಿ. ಎರಡು ಲೀಟರಿನ ತಂಪು ಪಾನೀಯದ ಖಾಲಿ ಬಾಟಲಿ, ಮುಚ್ಚಳ ಬಿಗಿಯಾಗಿ ಕೂರುವಂಥದು, ಒಂದು ಆರಿಸಿಕೊಳ್ಳಿ. ಮೂರು ನಾಲ್ಕು ಸೆಂಟಿಮೀಟರ್ ಅಂಚಿರುವ ಒಂದು ತಟ್ಟೆ ಬೇಕು, ಹಳೇ ಪ್ಲಾಸ್ಟಿಕ್ ಡಬ್ಬದ ತಳ ಕೊಯ್ದರೂ ಆದೀತು. ಬಾಟಲಿಯ ತಳದಿಂದ ಎರಡು ಸೆಂಟಿಮೀಟರ್ ಮೇಲೆ ಪಕ್ಕದಲ್ಲಿ ಕಾಯಿಸಿದ ಮೊಳೆಯಿಂದ ಒಂದು ತೂತು ಹಾಕಿ. ತೂತಿಗೆ ಬೆರಳು ಕೊಟ್ಟು ನೀರು ತುಂಬಿ, ಮುಚ್ಚಳ ತಿರುಗಿಸಿ, ತಟ್ಟೆಯಲ್ಲಿ ನಿಲ್ಲಿಸಿ ಬೆರಳು ತೆಗೆಯಿರಿ. ನೀರು ಗುಳುಗುಳು ಅಂತ ಇಳಿದು ತಟ್ಟೆಯಲ್ಲಿ ತೂತಿನ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಕೋಳಿ ಕುಡಿದು ಮಟ್ಟ ಇಳಿದರೆ ತೂತಿನಿಂದ ಗಾಳಿ ಒಳಗೆ ಹೋಗಿ, ಅಷ್ಟೇ ನೀರು ಈಚೆ ಬರುತ್ತದೆ. ನೀವು ಸ್ಕೂಲಲ್ಲಿ ಬಾಯಿಪಾಠ ಮಾಡಿದ ಗಾಳಿಯ ಒತ್ತಡದ ಪಾಠ ಇದೇ.

ನೆನಪಿಡಬೇಕಾದ್ದು ಎರಡೇ. ತೂತು ತಟ್ಟೆಯ ಅಂಚಿಗಿಂತ ಕೆಳಗಿರಬೇಕು, ಮೇಲಿದ್ದರೆ ನೀರೆಲ್ಲ ಹೊರಗೆ ಹರಿಯುತ್ತದೆ. ಮುಚ್ಚಳ ಸಡಿಲ ಇರಬಾರದು, ಸಡಿಲ ಇದ್ದರೂ ಅದೇ ಗತಿ. ಇದನ್ನು ನೆರಳಲ್ಲಿಡಿ. ಬಿಸಿಲಿಗೆ ಬಾಟಲಿಯೊಳಗಿನ ಗಾಳಿ ಹಿಗ್ಗಿ ನೀರನ್ನು ಆಚೆ ದೂಡುತ್ತದೆ, ಒಳಗೆ ಹಸಿರು ಪಾಚಿಯೂ ಕಟ್ಟುತ್ತದೆ. ಬಾಟಲಿಯನ್ನು ಒಂದು ಗೂಟಕ್ಕೆ ಹಳೇ ಸೈಕಲ್ ಟ್ಯೂಬಿನಿಂದ ಕಟ್ಟಿದರೆ ಕೋಳಿ ಬೀಳಿಸಲಾರದು. ತಟ್ಟೆಯ ಕೆಳಗೆ ನಾಲ್ಕು ಚಪ್ಪಟೆ ಕಲ್ಲಿಟ್ಟು ಸುತ್ತ ಜಲ್ಲಿ ಹರಡಿ, ಚೆಲ್ಲಿದ ನೀರು ಕೆಸರಾಗುವುದಿಲ್ಲ. ಮರಿಗಳಿಗೆ ಇಡುವಾಗ ತಟ್ಟೆಯಲ್ಲಿ ಗೋಲಿ ಗಾತ್ರದ ಕಲ್ಲುಗಳನ್ನು ತುಂಬಿ. ಕೊಕ್ಕು ಹೋಗುತ್ತದೆ, ಮರಿ ಮುಳುಗುವುದಿಲ್ಲ. ಪ್ಲಾಸ್ಟಿಕ್ ಬೇಡ ಅನ್ನುವವರು ಕುಂಬಾರರ ಕುಡಿಕೆಗೆ ಬಾಯಿ ಹತ್ತಿರ ತೂತು ಮಾಡಿಸಿ, ಮಣ್ಣಿನ ತಟ್ಟೆಯಲ್ಲಿ ಬೋರಲು ಹಾಕಬಹುದು. ಬೇಸಿಗೆಯಲ್ಲಿ ಮಡಕೆ ನೀರು ನಮಗೆ ತಂಪಾದಂತೆ ಕೋಳಿಗೂ ತಂಪು.

ಇನ್ನು ತೀನಿ.

ಅವ್ವ ಬೆಳಿಗ್ಗೆ ಬಾ ಬಾ ಬಾ ಅಂತ ಕರೆದು ರಾಗಿಯನ್ನೋ ನುಚ್ಚನ್ನೋ ಅಂಗಳಕ್ಕೆ ಎರಚುತ್ತಾಳಲ್ಲ, ಅದು ತಪ್ಪಲ್ಲ. ಇಡೀ ಕಾಳನ್ನು ಗಟ್ಟಿ ನೆಲಕ್ಕೆ ಎರಚಿದರೆ ಕೋಳಿ ಒಂದನ್ನೂ ಬಿಡದೆ ಆರಿಸುತ್ತದೆ, ಕೆದಕುವುದು ಅದರ ಗುಣ. ಆದರೆ ತೌಡು, ಹಿಂಡಿಪುಡಿ, ಮುಸುಕಿನ ಜೋಳದ ನುಚ್ಚು ಬೆರೆಸಿದ ಪುಡಿ ತೀನಿಯನ್ನು ಎರಚಿದರೆ ಅರ್ಧ ದೂಳಿಗೆ ಸೇರುತ್ತದೆ. ಅದಕ್ಕೆ ಪಾತ್ರೆ ಬೇಕು. ಆ ಪಾತ್ರೆ ಹೇಗಿರಬೇಕು ಅನ್ನುವುದೇ ಲೆಕ್ಕ.

ಕೋಳಿ ಸಾಕಣೆಯ ಪಾಠಗಳಲ್ಲಿ ಹಳೇ ಲೆಕ್ಕವೊಂದಿದೆ. ತೊಟ್ಟಿಯನ್ನು ಕಂಠಮಟ್ಟ ತುಂಬಿದರೆ ನೂರಕ್ಕೆ 30 ಪಾಲು ಚೆಲ್ಲಿ ಹಾಳು. ಮೂರರಲ್ಲಿ ಎರಡು ಪಾಲು ತುಂಬಿದರೆ 10, ಅರ್ಧ ತುಂಬಿದರೆ 3, ಮೂರರಲ್ಲಿ ಒಂದು ಪಾಲು ತುಂಬಿದರೆ 1. ಹತ್ತು ಕೋಳಿಗೆ ತಲಾ 50 ಗ್ರಾಂನಂತೆ ದಿನಕ್ಕೆ ಅರ್ಧ ಕೆಜಿ ಹಾಕ್ತೀವಿ ಅಂತ ಇಟ್ಟುಕೊಳ್ಳಿ. ನೂರಕ್ಕೆ ಮೂವತ್ತು ಚೆಲ್ಲಿದರೆ ತಿಂಗಳಿಗೆ ನಾಲ್ಕೂವರೆ ಕೆಜಿ ಮಣ್ಣುಪಾಲು. ಕೂಲಿ ಮಾಡಿ ತಂದ ನಾಲ್ಕೂವರೆ ಕೆಜಿ.

ಇದನ್ನು ತಡೆಯೋಕೆ ಐದು ಲೀಟರಿನ ಎಣ್ಣೆ ಡಬ್ಬ ಸಾಕು. ತಳದಿಂದ ಎರಡಂಗುಲ ಬಿಟ್ಟು ಸುತ್ತ ಕಿಟಕಿಗಳಂತೆ ಕೊಯ್ಯಿರಿ, ಕೋಳಿಯ ತಲೆ ತೂರುವಷ್ಟು. ಕೊಯ್ದ ಅಂಚು ಕೊಕ್ಕಿಗೆ ಗಾಯ ಮಾಡದಂತೆ ಬೆಂಕಿಯ ಹತ್ತಿರ ಹಿಡಿದು ಮಡಿಸಿ. ತಂತಿ ಕಟ್ಟಿ ನೇತು ಹಾಕಿ. ಎತ್ತರ ಎಷ್ಟು? ಡಬ್ಬದ ಅಂಚು ನಿಂತ ಕೋಳಿಯ ಬೆನ್ನಿನ ಮಟ್ಟಕ್ಕೆ ಇರಬೇಕು. ಬೆನ್ನಿಗಿಂತ ಕೆಳಗಿದ್ದರೆ ಕಾಲಲ್ಲಿ ಕೆದರುತ್ತದೆ, ಮೇಲಿದ್ದರೆ ಎಟುಕುವುದಿಲ್ಲ. ಮರಿ ಬೆಳೆದಂತೆ ತಂತಿಯನ್ನು ಏರಿಸುತ್ತ ಹೋಗಿ. ಡಬ್ಬ ಬೇಡ ಅಂದರೆ ಬಿದಿರನ್ನು ಉದ್ದಕ್ಕೆ ಸೀಳಿ ದಬ್ಬೆಯನ್ನೇ ತೊಟ್ಟಿ ಮಾಡಿ. ಅದರ ಮೇಲೆ ಒಂದು ಕಡ್ಡಿಯನ್ನು ತಿರುಗುವಂತೆ ಅಡ್ಡ ಕಟ್ಟಿದರೆ, ಮೇಲೆ ಹತ್ತಿ ಕೂರಲು ಹೋದ ಕೋಳಿ ಜಾರುತ್ತದೆ, ತೀನಿಯಲ್ಲಿ ಹಿಕ್ಕೆ ಬೀಳುವುದಿಲ್ಲ.

ಮರಿಗಳ ತೀನಿಯನ್ನು ದೊಡ್ಡ ಕೋಳಿಗಳು ಬಿಡುವುದಿಲ್ಲ, ಅದಕ್ಕೆ ನಮ್ಮ ಅಜ್ಜಿಯರ ಉಪಾಯವೇ ಸರಿ. ಮಂಕರಿಯನ್ನು ಬೋರಲು ಹಾಕಿ ಸುತ್ತ ಕಲ್ಲು ಕೊಟ್ಟು ಮೂರು ಬೆರಳು ಎತ್ತರಿಸಿ, ಒಳಗೆ ತೀನಿ ಇಡಿ. ಮರಿ ನುಗ್ಗುತ್ತದೆ, ಹುಂಜ ಹೊರಗೆ ನಿಂತು ನೋಡುತ್ತದೆ. ಹದ್ದಿನ ಕಣ್ಣಿಗೂ ಮರೆ. ಮರಿಗೆ ಬೇಕಾದ ಮಾಂಸದ ಅಂಶ ಅಂಗಡಿಯಿಂದಲೇ ಬರಬೇಕು ಅಂತ ಏನಿಲ್ಲ. ಒಡಕು ಮಡಕೆಯಲ್ಲಿ ಹಸಿ ಸಗಣಿ, ಹುಲ್ಲು, ಹರಿದ ಗೋಣಿ ತುಂಬಿ, ನೀರು ಚಿಮುಕಿಸಿ, ಸಂಜೆ ಗೆದ್ದಲು ಓಡಾಡುವ ಕಡೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಗೆದ್ದಲು ತುಂಬಿರುತ್ತದೆ. ಮರಿಗಳ ಮುಂದೆ ಕೊಡವಿದರೆ ಮುಗಿಬೀಳುತ್ತವೆ. ಮೊಟ್ಟೆ ಇಡುವ ಹೇಂಟೆಗೆ ಸುಣ್ಣದ ಅಂಶ ಬೇಕು, ಒಂದು ಮೊಟ್ಟೆಯ ಸಿಪ್ಪೆಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮನೆಯಲ್ಲಿ ಒಡೆದ ಮೊಟ್ಟೆಯ ಸಿಪ್ಪೆ, ಕೆರೆಯ ಬಸವನಹುಳದ ಚಿಪ್ಪು ಒಣಗಿಸಿ ಕುಟ್ಟಿ ಬೇರೆ ಚಿಪ್ಪಲ್ಲಿಡಿ. ಬೇಕಾದಾಗ ಬಂದು ತಿನ್ನುತ್ತವೆ.

ಒಂದು ಎಚ್ಚರಿಕೆ ಇದೆ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಜೋಳ ಹಾಕಬೇಡಿ. 'ಮನುಷ್ಯರಿಗೆ ಆಗಲ್ಲ, ಕೋಳಿಗಾದರೂ ಹಾಕೋಣ' ಅನ್ನುವುದು ನಮ್ಮ ಮನೆಗಳ ಮಾತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ತೀನಿಗೆ ಬೆರೆಸಿದ್ದ ಬೂಷ್ಟಿನ ಕಡಲೆಕಾಯಿ ಹಿಂಡಿ. ಆ ವಿಷಕ್ಕೆ ಅಫ್ಲಟಾಕ್ಸಿನ್ ಅಂತ ಹೆಸರು ಬಂದದ್ದು ಆಮೇಲೆ. ಹಸುರು ಬೂಷ್ಟು ಕಂಡರೆ ಮುಲಾಜಿಲ್ಲದೆ ಗುಂಡಿಗೆ ಹಾಕಿ.

ತಟ್ಟೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ನಮಗೆ ಇದು ಮುಖ್ಯ.

ನಾರ್ವೆ ದೇಶದ ಥೋರ್ಲೀಫ್ ಶೆಲ್ಡರಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಿಂದಲೇ ಮನೆ ಕೋಳಿಗಳನ್ನು ನೋಡುತ್ತ, ಯಾವುದು ಯಾವುದನ್ನು ಕುಕ್ಕುತ್ತದೆ ಅಂತ ಬರೆದಿಡುತ್ತಿದ್ದ. 1921ರ ಹೊತ್ತಿಗೆ ಅದನ್ನೇ ಪ್ರೌಢ ಪ್ರಬಂಧವಾಗಿ ಬರೆದ. ಗುಂಪಿನಲ್ಲಿ ಒಂದು ಕೋಳಿ ಎಲ್ಲವನ್ನೂ ಕುಕ್ಕುತ್ತದೆ, ಎರಡನೆಯದು ಅದೊಂದನ್ನು ಬಿಟ್ಟು ಮಿಕ್ಕವನ್ನು ಕುಕ್ಕುತ್ತದೆ. ಹೀಗೆ ಇಳಿಯುತ್ತ ಹೋಗಿ ಕೊನೆಯದನ್ನು ಎಲ್ಲವೂ ಕುಕ್ಕುತ್ತವೆ. ಒಂದೇ ತಟ್ಟೆ ಇಟ್ಟರೆ ಆ ಕೊನೆಯದು ಹತ್ತಿರ ಬರುವುದೇ ಇಲ್ಲ. ಬಡಕಲಾಗಿ, ಪುಕ್ಕ ಕಿತ್ತು, ರೋಗ ಬಂದಾಗ ಮೊದಲು ಸಾಯುತ್ತದೆ. ನಾವು ಅದನ್ನು 'ಹುಟ್ಟಾ ಬಡಕಲು' ಅಂತೀವಿ.

ಯಾರಾದರೂ ಎದ್ದು, 'ನೋಡಿದಿರಾ, ಕೋಳಿಯಲ್ಲೇ ಮೇಲು ಕೀಳು ಇದೆ, ಅದು ಪ್ರಕೃತಿ ನಿಯಮ' ಅಂದಾರು. ಅಂಥವರು ನಿಮ್ಮ ಕಾಲೇಜಲ್ಲೂ ಇದ್ದಾರೆ. ಅವರಿಗೆ ಎರಡು ಮಾತು ಹೇಳಿ. ಕೋಳಿಯ ಮೇಲು ಕೀಳು ಹುಟ್ಟಿನಿಂದ ಬರುವುದಲ್ಲ. ಹೊಸ ಕೋಳಿ ಬಂದರೆ, ಹಳೆಯದು ಕುಂಟಿದರೆ ಎಲ್ಲ ಬದಲಾಗುತ್ತದೆ. ಹೇಂಟೆಯ ಜಾಗ ಅದರ ಮರಿಗೆ ಉಂಬಳಿಯಾಗಿ ಸಿಗುವುದಿಲ್ಲ. ಎರಡನೆಯದು, ಕೋಳಿ ಸಾಕುವ ಯಾವ ಅವ್ವನೂ 'ಕೊನೆಯದು ಉಪವಾಸ ಸಾಯಲಿ, ಅದು ನಿಯಮ' ಅಂತ ಬಿಡುವುದಿಲ್ಲ. ಇನ್ನೊಂದು ತಟ್ಟೆ ಇಡುತ್ತಾಳೆ. ಒಂದು ಮೂಲೆಯಲ್ಲಿ ಒಂದು, ಎದುರು ಮೂಲೆಯಲ್ಲಿ ಇನ್ನೊಂದು. ಮೇಲಿನ ಕೋಳಿ ಎರಡನ್ನೂ ಒಟ್ಟಿಗೆ ಕಾಯಲಾರದು. ದೊಡ್ಡ ಕೋಳಿ ಒಂದಕ್ಕೆ 10 ಸೆಂಟಿಮೀಟರ್, ಚಿಕ್ಕ ಮರಿಗೆ ಎರಡೂವರೆ ಸೆಂಟಿಮೀಟರ್ ಅಂಚು ಸಿಗಬೇಕು ಅನ್ನುವುದು ಲೆಕ್ಕ. ನೀರಿಗೂ ಹಾಗೇ, ಎರಡು ಕಡೆ ಇಡಿ. ಹುಟ್ಟಾ ಬಡಕಲು ಅಂದುಕೊಂಡ ಕೋಳಿ ಒಂದೆರಡು ತಿಂಗಳಲ್ಲಿ ಮೈ ತುಂಬಿಕೊಳ್ಳುವುದನ್ನು ನೀವೇ ನೋಡ್ತೀರಿ.

ಈಗ ಬಲ್ಬಿನ ಮಾತು. ಬಲ್ಬು ಕೊಡುವುದು ಎರಡು, ಕಾವು ಮತ್ತು ಬೆಳಕು. ಇವೆರಡನ್ನೂ ಬೇರೆ ಬೇರೆ ಇಟ್ಟು ಯೋಚಿಸಿ.

ನಾಟಿ ಹೇಂಟೆ ತಾನೇ 21 ದಿನ ಕಾವು ಕೂತು ಮರಿ ಇಳಿಸಿದರೆ ಬಲ್ಬಿನ ಗೊಡವೆ ಬೇಡ. ಅದರ ರೆಕ್ಕೆಯ ಅಡಿಯೇ ಕಾವು. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರ, ಇಂಥ ತಳಿಗಳ ಮರಿ ತಂದರೆ ಅವಕ್ಕೆ ತಾಯಿ ಇಲ್ಲ. ಮೊದಲ ವಾರ ಮರಿ ಇರುವ ಜಾಗ ಸುಮಾರು 35 ಡಿಗ್ರಿ ಬಿಸಿ ಇರಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಮರಿ ಒಂದಕ್ಕೆ ಎರಡು ವ್ಯಾಟ್ ಅನ್ನುವುದು ಅಂದಾಜು. ಮೂವತ್ತು ಮರಿಗೆ 60 ವ್ಯಾಟ್. ಒಂದೇ 60ರ ಬಲ್ಬಿಗಿಂತ 40ರ ಎರಡು ಒಳ್ಳೆಯದು, ನಡುರಾತ್ರಿ ಒಂದು ಸುಟ್ಟುಹೋದರೆ ಇನ್ನೊಂದು ಇರುತ್ತದೆ.

ಇಲ್ಲೇ ಈಗ ಹೊಸ ಮೋಸ ಆಗುತ್ತಿರುವುದು. ಮೇಲೆ ಹೇಳಿದ ವ್ಯಾಟ್ ಲೆಕ್ಕ ಹಳೇ ತಂತಿ ಬಲ್ಬಿನದು. ಅದು ತಾನು ಎಳೆದ ಕರೆಂಟಿನ ಬಹುಪಾಲನ್ನು ಬಿಸಿಯಾಗಿಯೇ ಬಿಡುತ್ತಿತ್ತು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಎಲ್‌ಇಡಿ ಬಲ್ಬು. 9 ವ್ಯಾಟಿನ ಎಲ್‌ಇಡಿ ಹಳೇ 60 ವ್ಯಾಟಿನಷ್ಟೇ ಬೆಳಕು ಕೊಡುತ್ತದೆ. ಆದರೆ ಕಾವು ಕೊಡುವುದಿಲ್ಲ. ಗೂಡು ಝಗ್ ಅಂತ ಬೆಳಗುತ್ತಿರುತ್ತದೆ, ಮರಿಗಳು ಚಳಿಗೆ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುತ್ತಿರುತ್ತವೆ. ಬೆಳಕು ನೋಡಿ ಮೋಸ ಹೋಗಬೇಡಿ. ಕಾವಿಗೆ ತಂತಿ ಬಲ್ಬನ್ನೇ ಹುಡುಕಿ ತನ್ನಿ.

ಗೂಡು ಕಟ್ಟುವುದು ಹೀಗೆ. ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಒಂದೂವರೆ ಅಡಿ ಎತ್ತರದ ಪಟ್ಟಿ ಮಾಡಿ ದುಂಡಗೆ ನಿಲ್ಲಿಸಿ. ಮೂಲೆ ಇರಬಾರದು, ಇದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಸಾಯುತ್ತವೆ. ನೆಲಕ್ಕೆ ಎರಡಂಗುಲ ಭತ್ತದ ಹೊಟ್ಟು. ಹಳೇ ಬಾಂಡ್ಲಿಯ ತಳಕ್ಕೆ ತೂತು ಮಾಡಿ ಹೋಲ್ಡರ್ ಕೂರಿಸಿ ಬೋರಲು ನೇತುಹಾಕಿದರೆ ಬಿಸಿ ಕೆಳಕ್ಕೇ ಬೀಳುತ್ತದೆ. ಒಂದು ಒಂದೂವರೆ ಅಡಿ ಎತ್ತರ ಇರಲಿ. ಕರೆಂಟಿನ ವೈರಿಗೇ ನೇತುಹಾಕಬೇಡಿ, ಬೇರೆ ಕಟ್ಟುತಂತಿ ಕಟ್ಟಿ. ಬಲ್ಬು ಬಿದ್ದರೆ ಹೊಟ್ಟಿಗೆ ಬೆಂಕಿ. ಗಂಟು ಹಾಕಿದ ವೈರು, ಒದ್ದೆ ಕೈ, ಕಂಬದಿಂದ ಕೊಕ್ಕೆ, ಈ ಮೂರೂ ಬೇಡ. ಕೋಳಿ ಉಳಿಸಲು ಹೋಗಿ ಮನೆಯ ಜೀವ ಹೋಗಬಾರದು.

ಥರ್ಮಾಮೀಟರ್ ಎಲ್ಲಿಂದ ತರೋದು ಅಂತೀರಾ? ಮರಿಗಳೇ ಥರ್ಮಾಮೀಟರ್. ಬಲ್ಬಿನ ಅಡಿ ಗುಂಪಾಗಿ ಚೀಂವ್ ಚೀಂವ್ ಅಂತಿದ್ದರೆ ಚಳಿ, ಬಲ್ಬು ಇಳಿಸಿ. ಅಂಚಿಗೆ ಹೋಗಿ ಬಾಯಿ ತೆರೆದಿದ್ದರೆ ಸೆಕೆ, ಏರಿಸಿ. ಎಲ್ಲ ಒಂದೇ ಪಕ್ಕಕ್ಕೆ ಸರಿದಿದ್ದರೆ ಎದುರಿನಿಂದ ಗಾಳಿ ನುಗ್ಗುತ್ತಿದೆ, ಗೋಣಿ ಕಟ್ಟಿ. ಎಲ್ಲ ಕಡೆ ಹರಡಿ ತಿಂದು ಮಲಗಿದ್ದರೆ ಸರಿಯಾಗಿದೆ, ನೀವೂ ಮಲಗಿ.

ಕರೆಂಟು ಹೋದರೆ? ಬಿಸಿನೀರನ್ನು ಬಾಟಲಿಗೆ ತುಂಬಿ ಬಟ್ಟೆ ಸುತ್ತಿ ನಡುವೆ ಇಡಿ. ಇಥಿಯೋಪಿಯಾದ ಹಳ್ಳಿಗಳಲ್ಲಿ ಬಲ್ಬೇ ಇಲ್ಲದ ಹುಲ್ಲಿನ ಪೆಟ್ಟಿಗೆ ಬಳಕೆಗೆ ತಂದರು. ಪೆಟ್ಟಿಗೆಯ ಸುತ್ತ ಮೇಲೆ ಒಣಹುಲ್ಲು ತುಂಬಿ, ಗಾಳಿಗೆ ಸಣ್ಣ ಕಿಂಡಿ ಬಿಟ್ಟು, ಮರಿಗಳ ಮೈ ಶಾಖವನ್ನೇ ಒಳಗೆ ಹಿಡಿದಿಡುವುದು. ಹುಲ್ಲು ನಮ್ಮಲ್ಲೂ ಇದೆ, ಮಾಡಿ ನೋಡಬಹುದು. ಮುಚ್ಚಿದ ಮನೆಯಲ್ಲಿ ಇದ್ದಿಲ ಕೆಂಡದ ಮಡಕೆ ಮಾತ್ರ ಇಡಬೇಡಿ. ಅದರ ವಿಷಗಾಳಿಗೆ ವಾಸನೆಯೂ ಇಲ್ಲ, ಮರಿಯೂ ಸಾಯುತ್ತದೆ, ಪಕ್ಕದಲ್ಲಿ ಮಲಗಿದವರೂ ಏಳುವುದಿಲ್ಲ.

ಖರ್ಚೆಷ್ಟು? 60 ವ್ಯಾಟ್ ರಾತ್ರಿ 12 ಗಂಟೆ ಉರಿದರೆ ಮುಕ್ಕಾಲು ಯೂನಿಟ್ಟಿಗೆ ಚೂರು ಕಡಿಮೆ. ಮೂರು ವಾರಕ್ಕೆ ಸುಮಾರು 15 ಯೂನಿಟ್. 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ಬಿಲ್ಲು ಬರಲ್ಲ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಆ ಮಿತಿ ನಮ್ಮ ಮನೆಯ ಸರಾಸರಿ ಬಳಕೆಗೆ ತುಸು ಸೇರಿಸಿ ಗೊತ್ತು ಮಾಡಿದ್ದು. ಒಂದೇ ಬಲ್ಬಿನ ಮನೆಗೆ ಮಿತಿಯೂ ಚಿಕ್ಕದು. ಮರಿ ತರುವ ಮುಂಚೆ ಬಿಲ್ಲಿನಲ್ಲಿ ಬರೆದಿರುವ ಮಿತಿಯನ್ನು ಓದಿ ಅವ್ವನಿಗೆ ಹೇಳಿ. ಓದಿದ ಮಕ್ಕಳು ಮಾಡಬೇಕಾದ ಕೆಲಸ ಅದು.

ಇನ್ನು ಮೊಟ್ಟೆಗೆ ಬೆಳಕು. ಬೆಳಕು ಹೆಚ್ಚಿದರೆ ಮೊಟ್ಟೆ ಹೆಚ್ಚುತ್ತದೆ ಅಂತ ಕೇಳಿರ್ತೀರಿ. ಅದು ನಿಜ. ಹಗಲ ಬೆಳಕು ಕಣ್ಣಿನಿಂದ ಮಾತ್ರವಲ್ಲ, ತಲೆಬುರುಡೆಯ ಮೂಲಕವೂ ಕೋಳಿಯ ಮಿದುಳಿಗೆ ಮುಟ್ಟಿ ಮೊಟ್ಟೆಯ ಕೆಲಸವನ್ನು ಎಬ್ಬಿಸುತ್ತದೆ. ಫಾರಂಗಳಲ್ಲಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ಆದರೆ ಈ ವಿದ್ಯೆ ಹುಟ್ಟಿದ ಯೂರೋಪಿನಂಥ ಸೀಮೆಯಲ್ಲಿ ಚಳಿಗಾಲದ ಹಗಲು ಎಂಟು ಗಂಟೆಗೆ ಇಳಿಯುತ್ತದೆ. ನಮ್ಮ ಬೆಂಗಳೂರು ಮೈಸೂರು ಸೀಮೆಯಲ್ಲಿ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಮೇಲೆ. ವರ್ಷಕ್ಕೆ 50ರಿಂದ 70 ಮೊಟ್ಟೆ ಇಡುವ ನಾಟಿ ಹೇಂಟೆ ಮಧ್ಯೆ ಮಧ್ಯೆ ನಿಲ್ಲಿಸುವುದು ಕಾವು ಕೂರಲು, ಮರಿ ಸಾಕಲು. ಅದಕ್ಕೆ ಬಲ್ಬು ಹಾಕಿ ಪ್ರಯೋಜನ ಕಡಿಮೆ. ಗಿರಿರಾಜ, ಸ್ವರ್ಣಧಾರ ಸಾಕಿದವರು ಬೇಕಾದರೆ ಹಾಕಬಹುದು. ಇದಕ್ಕೆ ಎಲ್‌ಇಡಿಯೇ ಸರಿ. 9 ವ್ಯಾಟ್ ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ ಒಂದು ಯೂನಿಟ್ ಆಸುಪಾಸು. ಆ ಬೆಳಕನ್ನು ಬೆಳಗಿನ ಜಾವ ಕೊಡಿ. ಸಂಜೆ ಉರಿಸಿ ಫಕ್ಕನೆ ಆರಿಸಿದರೆ ಕೋಳಿಗಳು ಕತ್ತಲಲ್ಲಿ ಕೂರುವ ಕೋಲು ಕಾಣದೆ ನೆಲದಲ್ಲೇ ಉಳಿಯುತ್ತವೆ. ಎಳೆ ಹೇಂಟೆಗಳಿಗೆ ಮೊಟ್ಟೆ ಶುರುವಾಗುವ ಮುಂಚೆ ಹಗಲನ್ನು ಉದ್ದ ಮಾಡಬೇಡಿ. ಮೈ ಬಲಿಯುವ ಮೊದಲೇ ಮೊಟ್ಟೆಗೆ ನಿಂತು ಸೊರಗುತ್ತವೆ.

ತಟ್ಟೆ ಬಾಟಲಿ ಬಲ್ಬು ಎಲ್ಲ ಸರಿ ಇದ್ದರೂ ತಡೆಯಲಾಗದ್ದು ಒಂದಿದೆ, ಕೊಕ್ಕರೆ ರೋಗ. ರಾಣಿಖೇತ್ ಅನ್ನುವುದೂ ಅದನ್ನೇ. ಬಂದರೆ ಕೇರಿಯ ಗೂಡುಗಳೆಲ್ಲ ಖಾಲಿ. ಬಂದ ಮೇಲೆ ಔಷಧಿ ಇಲ್ಲ, ಮುಂಚೆಯೇ ಲಸಿಕೆ ಹಾಕಿಸಬೇಕು. ಮೊದಲ ವಾರ ಲಸೋಟ ಕಣ್ಣಿಗೆ ಹನಿ, ಎಂಟು ವಾರದ ಮೇಲೆ ಆರ್2ಬಿ ಸೂಜಿ. ಮುಂದಿನ ಲಸೋಟವನ್ನು ಕುಡಿಯುವ ನೀರಿನಲ್ಲೂ ಕೊಡುತ್ತಾರೆ, ಆವತ್ತು ನಿಮ್ಮ ಬಾಟಲಿಗೆ ನಿಜವಾದ ಪರೀಕ್ಷೆ. ನಲ್ಲಿಯ ಕ್ಲೋರಿನ್ ನೀರು ಬೇಡ, ಪಾತ್ರೆಯಲ್ಲಿ ಸೋಪಿನ ಅಂಶ ಇರಬಾರದು, ಲೀಟರಿಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸಬೇಕು, ಕೋಳಿಗಳಿಗೆ ಅದಕ್ಕೆ ಮುಂಚೆ ಒಂದೆರಡು ಗಂಟೆ ನೀರು ತಪ್ಪಿಸಿರಬೇಕು.

ಲಸಿಕೆಯ ಬಾಟಲಿ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಂತೆ ಬರುತ್ತದೆ. ಒಡೆದು ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆರು ಕೋಳಿಯ ಒಂದು ಮನೆ ಅದನ್ನು ತಂದು ಏನು ಮಾಡೀತು? ಇಪ್ಪತ್ತು ಮನೆ ಸೇರಿದರೆ ಒಂದು ಬಾಟಲಿ ಸರಿಹೋಗುತ್ತದೆ. ಕೇರಿಯ ಎಲ್ಲ ಕೋಳಿಗೂ ಒಂದೇ ದಿನ ಹಾಕಿದರೆ ರೋಗಕ್ಕೆ ಕಾಲೂರಲು ಜಾಗವೂ ಸಿಗುವುದಿಲ್ಲ. ಮನೆ ಮನೆಗೆ ಹೋಗಿ ಕೋಳಿ ಎಣಿಸಿ, ಪಶು ಆಸ್ಪತ್ರೆಗೆ ಅರ್ಜಿ ಬರೆದು, ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು ಹಾಕಿ ಲಸಿಕೆ ತರುವ ಕೆಲಸಕ್ಕೆ ಅಕ್ಷರ ಬಲ್ಲ ನಾಲ್ಕು ಜನ ಸಾಕು. ನೀವು ಇಷ್ಟು ಜನ ಇದ್ದೀರಿ.

ಇದೆಲ್ಲ ಯಾಕೆ ಹೇಳ್ತಿದ್ದೇವೆ ಅಂದರೆ, ನಮ್ಮ ಕೇರಿಗಳಿಗೆ ಮರಿ ಹಂಚುವ ಯೋಜನೆಗಳು ಆಗಾಗ ಬರುತ್ತವೆ. ಫೋಟೋ ತೆಗೀತಾರೆ, ಪೆಟ್ಟಿಗೆ ಕೊಡ್ತಾರೆ, ಹೋಗ್ತಾರೆ. ತಿಂಗಳಲ್ಲಿ ಮರಿ ಸಾಯುತ್ತವೆ. ಆಗ ಒಂದು ಮಾತು ಹುಟ್ಟುತ್ತದೆ: 'ಇವರಿಗೆ ಎಷ್ಟು ಕೊಟ್ಟರೂ ಉಳಿಸಿಕೊಳ್ಳಲ್ಲ.' ಆ ಮಾತನ್ನು ನಾವೂ ನೀವೂ ಕೇಳಿ ಬೆಳೆದವರು. ಮುಂದಿನ ಸಲ ಮರಿ ಇಸಿದುಕೊಳ್ಳುವ ಮುಂಚೆ ಕೇಳಿ. ಇವು ಒಂದು ದಿನದ ಮರಿಯೋ, ಕಾವು ಮುಗಿದ ಐದಾರು ವಾರದ ಮರಿಯೋ? ಲಸಿಕೆ ಆಗಿದೆಯೋ? ಒಂದು ದಿನದ್ದಾದರೆ ಬಲ್ಬು, ತೀನಿ ಯಾರದು? ಈ ಪ್ರಶ್ನೆಗಳಿಗೆ ಉತ್ತರ ಕೊಡದವರು ಸತ್ತ ಮರಿಗಳ ಲೆಕ್ಕವನ್ನು ನಮ್ಮ ಅವ್ವಂದಿರ ಮೇಲೆ ಹಾಕುವ ಹಾಗಿಲ್ಲ. ಕೋಳಿ ಕೊಟ್ಟೆವಲ್ಲ, ಇನ್ನು ಭೂಮಿ ಯಾಕೆ ಅಂತ ಯಾರಾದರೂ ಅಂದರೆ ಅದನ್ನೂ ಒಪ್ಪಬೇಡಿ. ಇಪ್ಪತ್ತು ಕೋಳಿ ಒಂದು ಎಕರೆಗೆ ಸಮ ಅಲ್ಲ.

ಇನ್ನೊಂದು ಮಾತು ಹುಡುಗರಿಗೆ. ರಜೆಯಲ್ಲಿ ಹೋಗಿ ಡಬ್ಬ ಕೊಯ್ದು, ಬಾಟಲಿ ಕಟ್ಟಿ, ಕೋಳಿ ಹೆಚ್ಚಾದ ಮೇಲೆ 'ದುಡ್ಡು ನನ್ನ ಕೈಗೆ ಕೊಡವ್ವ, ಲೆಕ್ಕ ನಾನಿಡ್ತೀನಿ' ಅಂತ ಹೇಳಬೇಡಿ. ಕೋಳಿ ಅವ್ವನದು, ದುಡ್ಡೂ ಅವಳದೇ. ಯಾವ ಹೇಂಟೆ ಎಲ್ಲಿ ಕಳ್ಳಮೊಟ್ಟೆ ಇಡುತ್ತದೆ, ಯಾವುದು ಒಳ್ಳೇ ತಾಯಿ, ಯಾವುದು ಮರಿಯನ್ನು ತುಳಿಯುತ್ತದೆ ಅಂತ ಅವಳಿಗೆ ಗೊತ್ತಿರುವುದು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ನಾವು ಒಯ್ಯುವುದು ಒಂದು ತೂತಿನ ಎತ್ತರ, ಒಂದು ವ್ಯಾಟಿನ ಲೆಕ್ಕ, ಒಂದು ಅರ್ಜಿಯ ಬರಹ, ಅಷ್ಟೇ. ಅವಳನ್ನು ಕೇಳಿ, ಅವಳ ಮುಂದೆ ಮಾಡಿ, ಅವಳು ಬೇಡ ಅಂದರೆ ಬಿಡಿ.

ಈ ರಜೆಗೆ ಮೂರು ಕೆಲಸ ಇಟ್ಟುಕೊಳ್ಳಿ. ನಿಮ್ಮ ಮನೆಗೆ ಎರಡು ನೀರಿನ ಬಾಟಲಿ, ಎರಡು ತೀನಿ ಡಬ್ಬ ಕಟ್ಟಿ. ಪಕ್ಕದ ಮನೆಯವರಿಗೂ ಕಲಿಸಿ. ಕೇರಿಯ ಕೋಳಿ ಎಣಿಸಿ ಲಸಿಕೆಯ ಅರ್ಜಿ ಕೊಡಿ. ಹೋಗುವಾಗ ಎಷ್ಟು ಮರಿ ಇದ್ದವು, ಬರುವಾಗ ಎಷ್ಟು ಉಳಿದವು, ಸತ್ತವು ಹೇಗೆ ಸತ್ತವು, ನೋಟ್‌ಬುಕ್ಕಿನಲ್ಲಿ ಬರೆದು ತನ್ನಿ. ಮುಂದಿನ ಸಭೆಯಲ್ಲಿ ಆ ಲೆಕ್ಕಗಳನ್ನೇ ಓದೋಣ. ಪದ್ಯ ಆಮೇಲೆ ಓದಿದರಾಯಿತು.

ಜೈ ಭೀಮ್.